ಕಂಡಕ್ಟರ್ ಇಲ್ಲದ ಬಸ್ಸಿನಲ್ಲಿ ಕಂಡಕ್ಟರ್ ಯಾರು?

ಮಾನ್ಯ ಸಂಪಾದಕರೇ,

ಜಪಾನ್ ಪ್ರವಾಸದ ಬಗ್ಗೆ ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿ ಈಚೆಗೆ ಸಾಕಷ್ಟು ಬರಹಗಳು ಬರುತ್ತಿವೆ. ಚೆರ್ರಿ ಹೂವು, ಬುಲೆಟ್ ರೈಲು, ಕ್ಯೋಟೊದ ಚಿನ್ನದ ಮಂಟಪ ಎಲ್ಲವೂ ಅವುಗಳಲ್ಲಿ ಇರುತ್ತವೆ. ಆ ಮಂಟಪದ ತನಕ ಕರೆದೊಯ್ಯುವ ಹಸಿರು ಸಿಟಿ ಬಸ್ಸಿನ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಬೇಸಿಗೆ ರಜೆಗೋ ದಸರಾ ರಜೆಗೋ ಊರಿಂದ ಬಂದವರು ಮೊದಲು ಎಡವುವುದು ಆ ಬಸ್ಸಿನ ಬಾಗಿಲಲ್ಲೇ. ಕ್ಯೋಟೊದಲ್ಲಿ ನೆಲೆಸಿ ದಿನಾ ಈ ಬಸ್ಸುಗಳಲ್ಲೇ ಓಡಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ಧಾರಾಳವಾಗಿ ಕತ್ತರಿ ಹಾಕಿ. ಚಿಲ್ಲರೆಯ ಭಾಗವೊಂದನ್ನು ಮಾತ್ರ ಉಳಿಸಿಕೊಳ್ಳಿ.

ನಮ್ಮೂರ ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಾರೆ. ಹತ್ತಿದವರನ್ನು "ಒಳಗ್ ಹೋಗ್ರಿ, ಮಧ್ಯ ಖಾಲಿ ಐತಿ" ಎಂದು ಸರಿಸುವವರು ಅವರು. ಟಿಕೆಟ್ ಕೊಡುವವರು, ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುವವರು, ಸ್ಟಾಪು ಬಂದಾಗ ಹೆಸರು ಕೂಗುವವರು, ಕೊನೆಯ ಅಜ್ಜಿ ಇಳಿದದ್ದು ಖಾತ್ರಿಯಾದ ಮೇಲೆ "ರೈಟ್" ಅನ್ನುವವರು ಎಲ್ಲ ಅವರೇ. ಪ್ರಯಾಣಿಕರಿಗೆ ಉಳಿಯುವ ಕೆಲಸ ಸೀಟು ಹಿಡಿಯುವುದೊಂದು. ಅದಕ್ಕೂ ಕಿಟಕಿಯಿಂದ ಕರ್ಚೀಫು ಎಸೆದರೆ ಮುಗಿಯಿತು. ಜಪಾನಿನಲ್ಲೂ ಒಂದು ಕಾಲಕ್ಕೆ ಬಸ್ಸಿಗೊಬ್ಬರು ಕಂಡಕ್ಟರ್ ಇದ್ದರು, ಬಹುತೇಕ ಹೆಂಗಸರು. 1951ರಲ್ಲಿ ಒಸಾಕಾ ನಗರದ ಬಸ್ಸಿನಿಂದ ಶುರುವಾಗಿ, ಡ್ರೈವರ್ ಒಬ್ಬರೇ ನಡೆಸುವ ಬಸ್ಸು ಮುಂದಿನ ದಶಕಗಳಲ್ಲಿ ದೇಶವೆಲ್ಲ ಹಬ್ಬಿತು. ಇಂಗ್ಲಿಷಿನ ಪದಗಳನ್ನು ಜೋಡಿಸಿ ಅದನ್ನು 'ವಾನ್‌ಮನ್' ಬಸ್ಸು ಎನ್ನುತ್ತಾರೆ. ಕಂಡಕ್ಟರ್ ಹೋದರು, ಅವರು ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋದೀತು? ಅರ್ಧ ಯಂತ್ರಗಳಿಗೆ ಬಂತು, ಉಳಿದರ್ಧ ಪ್ರಯಾಣಿಕರ ಹೆಗಲಿಗೆ ಬಿತ್ತು. ಇಲ್ಲಿನ ಬಸ್ ಶಿಷ್ಟಾಚಾರ ಎಂದು ಯಾವುದನ್ನು ಹೊರಗಿನವರು ಬೆರಗಿನಿಂದ ನೋಡುತ್ತಾರೋ ಅದರ ಬಹುಪಾಲು ಹೀಗೆ ಹಂಚಿಹೋದ ಕಂಡಕ್ಟರ್ ಕೆಲಸ. ಇದು ತಲೆಯಲ್ಲಿದ್ದರೆ ಒಂದೊಂದು ನಿಯಮವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಸ್ಟಾಪಿನಿಂದಲೇ ಶುರು ಮಾಡೋಣ. ಬಸ್ ಸಮಯಕ್ಕಿಂತ ಮೊದಲು ಹೊರಡುವುದಿಲ್ಲ. ಹಾಗೆ ಹೊರಡುವುದು ಇಲ್ಲಿ ನಿಯಮಕ್ಕೆ ವಿರುದ್ಧ. ತಡವಾಗಬಹುದು, ಅದರಲ್ಲೂ ಕ್ಯೋಟೊದಲ್ಲಿ ತಡ ಮಾಮೂಲು. ಹಾಗಾಗಿ ಎರಡು ನಿಮಿಷ ಮೊದಲೇ ಬಂದು ಸಾಲಿನಲ್ಲಿ ನಿಂತರೆ ಸಾಕು, ರಸ್ತೆಗೆ ಇಳಿದು ಕುತ್ತಿಗೆ ಉದ್ದ ಮಾಡಬೇಕಿಲ್ಲ. ಒಂದೇ ಕಂಬದ ಬಳಿ ನಾಲ್ಕಾರು ನಂಬರಿನ ಬಸ್ಸುಗಳು ನಿಲ್ಲುತ್ತವೆ. ಬಂದದ್ದು ನಿಮ್ಮ ಬಸ್ಸಲ್ಲದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ, ಬೇಕಿದ್ದರೆ ಕೈಯನ್ನು ಎದೆಯ ಮುಂದೆ ಸಣ್ಣಗೆ ಅಲ್ಲಾಡಿಸಿ. ಕಂಬದ ಬುಡದಲ್ಲಿ ಯಾರಾದರೂ ಅಲುಗಾಡದೆ ನಿಂತಿದ್ದರೆ ಡ್ರೈವರ್ ಬಾಗಿಲು ತೆರೆದು ಕಾಯುತ್ತಾರೆ. ಆರು ಜನರ ಕುಟುಂಬ ಗೂಗಲ್ ನಕ್ಷೆ ನೋಡುತ್ತ ಬಾಗಿಲ ಎದುರೇ ಚರ್ಚೆಗೆ ನಿಂತರೆ ಬಸ್ಸು ಹತ್ತಿಪ್ಪತ್ತು ಸೆಕೆಂಡ್ ಕಳೆದುಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಸಿಗ್ನಲ್ ಕೆಂಪಾಗುತ್ತದೆ. ನಂಬರಿನ ಜೊತೆಗೆ ದಿಕ್ಕನ್ನೂ ನೋಡಿಕೊಳ್ಳಿ. 205, 206ರಂಥವು ವರ್ತುಲ ಮಾರ್ಗಗಳು. ಒಂದೇ ನಂಬರಿನ ಬಸ್ಸು ಎರಡೂ ಕಡೆಗೆ ಸುತ್ತುತ್ತದೆ.

ಬಾಗಿಲ ವಿಷಯಕ್ಕೆ ಬಂದರೆ, ಕ್ಯೋಟೊದ ಸಿಟಿ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಡ್ರೈವರ್ ಪಕ್ಕ ಹಣ ಕೊಟ್ಟು ಇಳಿಯುವುದು ಸಾಮಾನ್ಯ ಪದ್ಧತಿ. ಟೋಕಿಯೋ ನಗರದೊಳಗಿನ ಸರ್ಕಾರಿ ಬಸ್ಸಿನಲ್ಲಿ ಇದು ತಿರುವುಮುರುವು: ಮುಂದೆ ಹತ್ತುವಾಗಲೇ ಹಣ, ನಡುಬಾಗಿಲಲ್ಲಿ ಇಳಿಯುವುದು. ಕಾರಣ ಸರಳ. ಟೋಕಿಯೋದ ಆ ಬಸ್ಸಿನಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ, 210 ಯೆನ್. ಹತ್ತುವಾಗಲೇ ಲೆಕ್ಕ ಮುಗಿಸಬಹುದು. ದೂರಕ್ಕೆ ತಕ್ಕ ದರ ಇರುವ ಕಡೆ ಎಷ್ಟು ದೂರ ಬಂದಿರಿ ಎಂಬುದು ಇಳಿಯುವಾಗಲಷ್ಟೇ ತಿಳಿಯುತ್ತದೆ. ಕ್ಯೋಟೊದ ಒಳಭಾಗದಲ್ಲೂ ಈಗ ಏಕದರವೇ, ದೊಡ್ಡವರಿಗೆ 230 ಯೆನ್, ಮಕ್ಕಳಿಗೆ 120. ಆದರೂ ಹಿಂದೆ ಹತ್ತುವ ಪದ್ಧತಿ ಉಳಿದುಕೊಂಡಿದೆ. ನಮ್ಮ ಸಿಟಿ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ ಎಂಬ ರೂಢಿ ಕಾಲಿಗೆ ಹತ್ತಿಬಿಟ್ಟಿರುತ್ತದೆ. ಇಲ್ಲಿಗೆ ಬಂದ ಮೇಲೂ ಅತ್ತೆ-ಸೊಸೆ ಮುಂಬಾಗಿಲ ಕಡೆ ಧಾವಿಸುವುದು, ಇಳಿಯುವವರಿಗೆ ಎದುರಾಗಿ ಮೆಟ್ಟಿಲಲ್ಲೇ ಸಿಕ್ಕಿಹಾಕಿಕೊಳ್ಳುವುದು ನಿತ್ಯದ ದೃಶ್ಯ. ಅನುಮಾನವಿದ್ದರೆ ಸಾಲು ಯಾವ ಬಾಗಿಲ ಎದುರು ಬೆಳೆದಿದೆ ನೋಡಿ, ಸಾಲಿನ ಹಿಂದೆ ಹೋಗಿ. ಸಾಲು ಸುಳ್ಳು ಹೇಳುವುದಿಲ್ಲ.

ಊರಾಚೆಗೆ ಹೋಗುವ ಬಸ್ಸುಗಳಲ್ಲಿ, ಉದಾಹರಣೆಗೆ ಓಹಾರಾ ಕಡೆಗೆ ಹೋಗುವ ಕೆನೆ-ಕೆಂಪು ಬಣ್ಣದ ಖಾಸಗಿ ಬಸ್ಸಿನಲ್ಲಿ, ದರ ದೂರಕ್ಕೆ ತಕ್ಕಂತೆ ಏರುತ್ತದೆ. ನಗದು ಕೊಡುವವರು ಹತ್ತಿದ ಕೂಡಲೇ ಬಾಗಿಲ ಪಕ್ಕದ ಪೆಟ್ಟಿಗೆಯಿಂದ ನಾಲಿಗೆ ಚಾಚಿದಂತೆ ಹೊರಬಂದಿರುವ ಚೀಟಿಯನ್ನು ಎಳೆದುಕೊಳ್ಳಬೇಕು. ಅದನ್ನು 'ಸೇರಿಕೆನ್' ಎನ್ನುತ್ತಾರೆ. ಅದರ ಮೇಲೆ ಒಂದು ಅಂಕಿ ಇರುತ್ತದೆ, ನೀವು ಯಾವ ಸ್ಟೇಜಿನಲ್ಲಿ ಹತ್ತಿದಿರಿ ಎಂಬುದಕ್ಕೆ ಅದೇ ಸಾಕ್ಷಿ. ಡ್ರೈವರ್ ತಲೆಯ ಮೇಲಿನ ಫಲಕದಲ್ಲಿ ಅಂಕಿಗಳ ಕೆಳಗೆ ದರಗಳು ಹೊಳೆಯುತ್ತವೆ, ಬಸ್ಸು ಸಾಗಿದಂತೆ ಏರುತ್ತ ಹೋಗುತ್ತವೆ. ಇಳಿಯುವಾಗ ನಿಮ್ಮ ಅಂಕಿಯ ಕೆಳಗೆ ಎಷ್ಟಿದೆಯೋ ಅಷ್ಟನ್ನು ಚೀಟಿಯ ಸಮೇತ ಪೆಟ್ಟಿಗೆಗೆ ಹಾಕಬೇಕು. ತಲೆಗೊಂದು ಚೀಟಿ, ನಾಲ್ವರಿಗೆ ನಾಲ್ಕು. ಚೀಟಿ ಕಳೆದುಕೊಂಡರೆ ಮೊದಲ ಸ್ಟೇಜಿನಿಂದ ಬಂದಂತೆ ಲೆಕ್ಕವಾಗುವ ಸಾಧ್ಯತೆಯೇ ಹೆಚ್ಚು. ಮೊದಲೇ ಹಣ ತುಂಬಿಸಿಟ್ಟು ಯಂತ್ರಕ್ಕೆ ತಾಕಿಸುವ ಕಾರ್ಡ್ (ಅದರ ಮಾತು ಮುಂದಿದೆ) ಇದ್ದವರಿಗೆ ಚೀಟಿ ಬೇಡ, ಆದರೆ ಹತ್ತುವಾಗಲೂ ಒಮ್ಮೆ ತಾಕಿಸಬೇಕು, ಇಳಿಯುವಾಗಲೂ ಒಮ್ಮೆ. ಸೂತ್ರ ಇಷ್ಟೆ: ಹತ್ತುವ ಬಾಗಿಲಲ್ಲಿ ಕಾರ್ಡಿನ ಯಂತ್ರದ ದೀಪ ಉರಿಯುತ್ತಿದ್ದರೆ ತಾಕಿಸಿ.

ಇನ್ನು ಚಿಲ್ಲರೆ. ಜಗಳ ಹುಟ್ಟುವುದೆಲ್ಲ ಇಲ್ಲಿ.

ಡ್ರೈವರ್ ಎಡಗೈ ಪಕ್ಕದಲ್ಲಿ ಸೊಂಟದೆತ್ತರದ ಒಂದು ಪೆಟ್ಟಿಗೆ ನಿಂತಿರುತ್ತದೆ. ಮೇಲೆ ಅಗಲ ಬಾಯಿ. ಅಲ್ಲಿ ಹಾಕಿದ ನಾಣ್ಯಗಳು ಸಣ್ಣ ಪಟ್ಟಿಯ ಮೇಲೆ ಬಿದ್ದು ಒಳಕ್ಕೆ ಸಾಗಿಹೋಗುತ್ತವೆ. ಅದು ದರ ಕೊಡುವ ಬಾಯಿ. ಅದೇ ಪೆಟ್ಟಿಗೆಯಲ್ಲಿ ಬೇರೆ ಕಡೆ ನೋಟು ತೂರಿಸುವ ಸೀಳು, ನಾಣ್ಯ ಹಾಕುವ ತೂತು, ಕೆಳಗೊಂದು ಬಟ್ಟಲು ಇರುತ್ತದೆ. ಅದು ಚಿಲ್ಲರೆ ಮಾಡಿಕೊಡುವ ಭಾಗ, 'ರ್ಯೋಗಾಯೆ'. ಹೊಸಬರು ಮಾಡುವ ತಪ್ಪು ಎಂದರೆ 500ರ ನಾಣ್ಯವನ್ನು ನೇರವಾಗಿ ಅಗಲ ಬಾಯಿಗೆ ಹಾಕಿ, 270 ಯೆನ್ ವಾಪಸು ಬರುತ್ತದೆಂದು ಬಟ್ಟಲ ಮುಂದೆ ಕೈಯೊಡ್ಡಿ ನಿಲ್ಲುವುದು. ಬರುವುದಿಲ್ಲ. ಹೆಚ್ಚಿನ ಬಸ್ಸುಗಳಲ್ಲಿ ಈ ಪೆಟ್ಟಿಗೆ ದರವನ್ನು ನುಂಗುತ್ತದೆ, ಉಳಿಕೆ ಕೊಡುವುದಿಲ್ಲ. ಡ್ರೈವರ್ ಕೂಡ ಪೆಟ್ಟಿಗೆ ತೆರೆದು ತೆಗೆದುಕೊಡಲಾರರು, ಅವರ ಜೇಬಿನಲ್ಲಿ ಕಂಡಕ್ಟರ್ ಚೀಲವೂ ಇಲ್ಲ. ಟಿಕೆಟ್ ಬೆನ್ನಿಗೆ ಬರೆಸಿಕೊಳ್ಳೋಣ ಎಂದರೆ ಟಿಕೆಟ್ಟೇ ಇಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು 1000 ಯೆನ್ ನೋಟನ್ನೋ 500ರ ನಾಣ್ಯವನ್ನೋ ಚಿಲ್ಲರೆಯ ಭಾಗಕ್ಕೆ ಕೊಡಿ. ಬಟ್ಟಲಿಗೆ ಅಷ್ಟೂ ಮೊತ್ತ ನಾಣ್ಯಗಳಾಗಿ ಸುರಿಯುತ್ತದೆ, ದರ ಕಳೆದು ಅಲ್ಲ. ಅದರಲ್ಲಿ ನೂರರ ಎರಡು, ಹತ್ತರ ಮೂರು ಎಣಿಸಿ ಅಗಲ ಬಾಯಿಗೆ ಹಾಕಿ. ಉಳಿದದ್ದನ್ನು ಬಾಚಿಕೊಳ್ಳಲು ಮರೆಯಬೇಡಿ, ಮರೆಯುವವರು ಬೇಕಾದಷ್ಟು ಜನ. 2000, 5000, 10,000ದ ನೋಟು ಈ ಯಂತ್ರಕ್ಕೆ ನಡೆಯುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಿದವರ ಕೈಗೆ ಬರುವುದು ಹೆಚ್ಚಾಗಿ ದೊಡ್ಡ ನೋಟುಗಳೇ. ಇನ್ನೂ ಒಂದು ತೊಡಕಿದೆ. 2024ರ ಜುಲೈ 3ರಂದು ಜಪಾನ್ ಹೊಸ ನೋಟುಗಳನ್ನು ಹೊರತಂದಿತು. ಹೊಸ ಸಾವಿರದ ನೋಟಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ಕಿತಾಸಾತೊ ಶಿಬಾಸಾಬುರೊ ಇದ್ದಾರೆ, ಹಳೆಯದರಲ್ಲಿ ನೊಗುಚಿ ಹಿದೆಯೊ. ಎರಡೂ ಚಲಾವಣೆಯಲ್ಲಿವೆ, ಆದರೆ ಬದಲಾಯಿಸದ ಹಳೆಯ ಯಂತ್ರಗಳು ಹೊಸ ನೋಟನ್ನು ಉಗುಳುತ್ತವೆ. ನೋಟನ್ನು ತಿರುಗಿಸಿ ತಿರುಗಿಸಿ ನಾಲ್ಕು ಸಲ ತೂರಿಸಿದರೆ ಪ್ರಯೋಜನವಿಲ್ಲ. ಬಸ್ ಹತ್ತುವ ಮೊದಲೇ ಅಂಗಡಿಯೊಂದರಲ್ಲಿ ನೀರಿನ ಬಾಟಲಿ ಕೊಂಡು ನಾಣ್ಯ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ.

ನಾಣ್ಯಗಳ ಗುರುತು ರಾತ್ರಿ ಹೋಟೆಲಿನಲ್ಲೇ ಮಾಡಿಕೊಳ್ಳಿ. ನಡುವೆ ತೂತಿರುವವು ಎರಡು: ಬೆಳ್ಳಿ ಬಣ್ಣದ್ದು 50, ಹಳದಿಯದು 5. ಆ 5ರ ಮೇಲೆ ನಮಗೆ ಓದಲು ಬರುವ ಅಂಕಿಯೇ ಇಲ್ಲ, ಎಲ್ಲ ಚಿತ್ರಲಿಪಿ. ತಾಮ್ರದ ಬಣ್ಣದ್ದು 10. 1 ಮತ್ತು 5ರ ನಾಣ್ಯಗಳನ್ನು ಬೇರೆಯೇ ಇಟ್ಟುಬಿಡಿ, ಬಸ್ಸಿನಲ್ಲಿ ಅವುಗಳ ಎಣಿಕೆ ಎಲ್ಲರ ತಾಳ್ಮೆ ಪರೀಕ್ಷೆ. ಚಿಲ್ಲರೆ ಮಾಡುವುದಿದ್ದರೆ ನಿಮ್ಮ ಸ್ಟಾಪು ಬರುವ ಮೊದಲೇ, ಬಸ್ಸು ಸಿಗ್ನಲಿನಲ್ಲೋ ಹಿಂದಿನ ಸ್ಟಾಪಿನಲ್ಲೋ ನಿಂತಿರುವಾಗ ಮುಂದೆ ಹೋಗಿ ಮುಗಿಸಿ. ಹಾಗಾಗಲಿಲ್ಲವೆನ್ನಿ, ಇಳಿಯುವ ಸಾಲಿನಿಂದ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಿ, ಕೊನೆಯವರಾಗಿ ಇಳಿಯಿರಿ. ಡ್ರೈವರ್ ನಿಮ್ಮನ್ನು ಬಿಟ್ಟು ಹೊರಡುವುದಿಲ್ಲ.

ಅರ್ಧ ನಿಮಿಷಕ್ಕೆ ಇಷ್ಟು ರಂಪವೇ ಎಂದು ಕೇಳಬಹುದು. ಕಾರ್ಡ್ ತಾಕಿಸಲು ಎರಡು-ಮೂರು ಸೆಕೆಂಡ್ ಸಾಕು, ಬ್ಯಾಗಿನ ತಳ ತಡಕಲು ಅರ್ಧ ನಿಮಿಷ. ಎಲ್ಲರೂ ಒಂದೇ ಬಾಗಿಲಲ್ಲಿ, ಒಬ್ಬರ ಹಿಂದೊಬ್ಬರು ಇಳಿಯಬೇಕಾದ ಬಸ್ಸಿದು; ಹತ್ತು ಜನ ತಡಕಾಡಿದರೆ ಐದು ನಿಮಿಷ ಹೋಯಿತು. ಬಸ್ಸು ತಡವಾದಷ್ಟೂ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರುತ್ತಾರೆ, ಅವರು ಹತ್ತಲು ಇನ್ನಷ್ಟು ಹೊತ್ತು, ಬಸ್ಸು ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನವೇ ಸಿಗದೆ ಅದು ಬೇಗಬೇಗ ಬಂದು ಇದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಒಂದೇ ನಂಬರಿನ ಎರಡು ಬಸ್ಸು ಜೋಡಿಯಾಗಿ ಬರುವುದರ ಹಿಂದೆಯೂ ಇದೇ ಗಣಿತ ಇದೆ. ಇಲ್ಲಿನ ಡ್ರೈವರುಗಳ ಮೇಲೆ ಹೊರೆ ಈಗ ಇನ್ನೂ ಹೆಚ್ಚು. 2024ರ ಏಪ್ರಿಲ್‌ನಿಂದ ಅವರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿ ಬಂದಿದೆ. ನ್ಯಾಯವಾದ ಮಿತಿಯೇ, ಆದರೆ ಡ್ರೈವರುಗಳ ಕೊರತೆ ಮೊದಲೇ ಇದ್ದುದರಿಂದ ಹಲವು ಊರುಗಳಲ್ಲಿ ಬಸ್ಸುಗಳ ಸಂಖ್ಯೆಯೇ ಕಡಿಮೆಯಾಗಿದೆ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಕಾರ್ಡ್ ಮಾಡಿಸಿಕೊಳ್ಳಿ. ಸುಯಿಕಾ, ಪಾಸ್ಮೊ, ಇಕೋಕಾ ಮುಂತಾದ ಹತ್ತು ಬಗೆಯ ಕಾರ್ಡುಗಳು 2013ರ ಮಾರ್ಚಿನಿಂದ ಒಂದು ಊರಿನದು ಇನ್ನೊಂದು ಊರಿನಲ್ಲಿ ನಡೆಯುತ್ತವೆ. ಇಕೋಕಾ 2000 ಯೆನ್‌ಗೆ ಸಿಗುತ್ತದೆ, ಅದರಲ್ಲಿ 500 ಠೇವಣಿ, ಓಡಾಟಕ್ಕೆ 1500. ಎಲ್ಲ ಕಡೆಯೂ ನಡೆಯುತ್ತದೆ ಎಂದು ಕಣ್ಣುಮುಚ್ಚಿ ನಂಬಬೇಡಿ: ದಕ್ಷಿಣದ ಕುಮಾಮೊಟೊದ ಐದು ಬಸ್ ಕಂಪನಿಗಳು ಯಂತ್ರ ನವೀಕರಣದ ಖರ್ಚು ತಾಳಲಾರದೆ 2024ರ ನವೆಂಬರಿನಲ್ಲಿ ಈ ಕಾರ್ಡುಗಳನ್ನು ಕೈಬಿಟ್ಟವು. ಕುಟುಂಬಕ್ಕೆಲ್ಲ ಒಂದೇ ಕಾರ್ಡಿನಲ್ಲಿ ಕೊಡುವುದಾದರೆ ತಾಕಿಸುವ ಮೊದಲು ಡ್ರೈವರ್‌ಗೆ ಹೇಳಬೇಕು, ತಾಕಿಸಿದ ಮೇಲೆ ಹೇಳಿದರೆ ಒಬ್ಬರ ಲೆಕ್ಕ ಆಗಿಹೋಗಿರುತ್ತದೆ. "ಒತೊನಾ ಫುತಾರಿ, ಕೊದೊಮೊ ಹಿತೊರಿ" ಎಂದರೆ ದೊಡ್ಡವರಿಬ್ಬರು, ಮಗು ಒಂದು. ಬೆರಳು ತೋರಿಸಿದರೂ ನಡೆದೀತು. ಅವರು ಗುಂಡಿ ಒತ್ತಿ ತಲೆಯಾಡಿಸುವವರೆಗೆ ಕಾಯಿರಿ. ಮಕ್ಕಳು ಎಂದರೆ ಪ್ರಾಥಮಿಕ ಶಾಲೆಯ ವಯಸ್ಸು, 6ರಿಂದ ಸುಮಾರು 12. ಅದಕ್ಕಿಂತ ಚಿಕ್ಕವರಿಗೆ ದೊಡ್ಡವರ ಜೊತೆಯಲ್ಲಿ ಉಚಿತ, ಒಬ್ಬರ ಜೊತೆಗೆ ಇಷ್ಟೇ ಮಕ್ಕಳು ಎಂಬ ಮಿತಿಯೊಂದಿಗೆ. 230ರ ಅರ್ಧ 115 ಅಲ್ಲವೇ, 120 ಯಾಕೆ ಎಂದು ಚೌಕಾಸಿಗೆ ಇಳಿಯಬೇಡಿ. ಹತ್ತಕ್ಕೆ ಮೇಲೇರಿಸುವುದು ಇಲ್ಲಿನ ಲೆಕ್ಕ.

ಬಸ್ಸಿನೊಳಗೆ ನಿಲ್ಲುವುದಕ್ಕೂ ಒಂದು ಬುದ್ಧಿ ಬೇಕು. ಹಿಂದಿನ ಬಾಗಿಲ ಮೆಟ್ಟಿಲ ಬಳಿ ಸೆನ್ಸರ್ ಇರುತ್ತದೆ. ಅಲ್ಲಿ ಕಾಲೋ ಚೀಲವೋ ಇದ್ದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚದೆ ಬಸ್ಸು ಹೊರಡುವುದಿಲ್ಲ. ಡ್ರೈವರ್ ಮೈಕಿನಲ್ಲಿ ಮೆಲುದನಿಯಲ್ಲಿ ಏನೋ ಎರಡೆರಡು ಸಲ ಹೇಳುತ್ತಿದ್ದಾರೆ, ಎಲ್ಲರೂ ನಿಮ್ಮ ಕಡೆ ನೋಡದಂತೆ ನೋಡುತ್ತಿದ್ದಾರೆ ಎಂದರೆ ನಿಮ್ಮ ಕಾಲಬುಡ ನೋಡಿಕೊಳ್ಳಿ. ಫುಟ್‌ಬೋರ್ಡ್ ಪ್ರೀತಿಯನ್ನು ಊರಲ್ಲೇ ಬಿಟ್ಟು ಬನ್ನಿ. ಹತ್ತಿದ ಮೇಲೆ ನಡುವಿಗೆ, ನಂತರ ಮುಂದಕ್ಕೆ ಸರಿಯುತ್ತ ಹೋದರೆ ಇಳಿಯುವುದೂ ಸಲೀಸು. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ ಅಥವಾ ಕಾಲ ನಡುವೆ ಇಡಿ. ಬೆನ್ನಲ್ಲಿದ್ದರೆ ಅದು ಎಷ್ಟು ಜನರ ಮೂಗಿಗೆ ತಾಗುತ್ತದೆ ಎಂಬುದು ಹೊತ್ತವರಿಗೆ ಗೊತ್ತೇ ಆಗುವುದಿಲ್ಲ.

ದೊಡ್ಡ ಸೂಟ್‌ಕೇಸಿನ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ: ಅದನ್ನು ಸಿಟಿ ಬಸ್ಸಿಗೆ ತರಲೇಬೇಡಿ. ಕಾಯಿದೆಗಿಂತ ದೊಡ್ಡ ವಿಷಯ ಇದು. ಬಸ್ಸಿನ ನಡುದಾರಿ ಕಿರಿದು, ಸಾಮಾನಿಗೆಂದು ಬೇರೆ ಜಾಗವಿಲ್ಲ, ಗಾಲಿಯ ಪೆಟ್ಟಿಗೆ ತಿರುವಿನಲ್ಲಿ ತಾನೇ ಓಡುತ್ತದೆ. ಹೋಟೆಲಿನಿಂದ ಹೋಟೆಲಿಗೆ ಸಾಮಾನು ಸಾಗಿಸುವ 'ತಕ್ಯುಬಿನ್' ಸೇವೆ ದೇಶವೆಲ್ಲ ಇದೆ. ಇವತ್ತು ಕೌಂಟರಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ನಾಳೆ ಮುಂದಿನ ಊರಿನಲ್ಲಿ ಇರುತ್ತದೆ. ಕ್ಯೋಟೊ ನಿಲ್ದಾಣದಲ್ಲಿ ಲಾಕರುಗಳೂ ಇವೆ. ಮೂರು ಪೆಟ್ಟಿಗೆ ಇದ್ದರೆ ಟ್ಯಾಕ್ಸಿ.

ಗುಂಡಿಯ ವಿಷಯ. ಮುಂದಿನ ಸ್ಟಾಪಿನ ಹೆಸರನ್ನು ಧ್ವನಿ ಹೇಳಿದ ಕೂಡಲೇ ಸೀಟಿನ ಪಕ್ಕದ, ಕಂಬದ ಮೇಲಿನ ಯಾವುದಾದರೂ ಒಂದು ಗುಂಡಿ ಒತ್ತಬೇಕು. ಎಲ್ಲ ಗುಂಡಿಗಳೂ ಒಟ್ಟಿಗೆ ಬೆಳಗಿ 'ತೊಮಾರಿಮಾಸು', ಅಂದರೆ 'ನಿಲ್ಲುತ್ತದೆ', ಎಂದು ತೋರಿಸುತ್ತವೆ. ಬೆಳಗಿದ ಮೇಲೆ ಮತ್ತೆ ಒತ್ತಬೇಕಿಲ್ಲ. ಮಕ್ಕಳಿಗೆ ಈ ಗುಂಡಿ ಎಂದರೆ ಪ್ರಾಣ, ಜಪಾನಿ ಮಕ್ಕಳಿಗೂ ಅಷ್ಟೇ. ನಿಮ್ಮ ಸ್ಟಾಪಿಗೆ ಒತ್ತುವ ಹಕ್ಕನ್ನು ಅವರಿಗೆ ಬಿಟ್ಟುಕೊಡಿ, ಬೇರೆಯವರ ಸ್ಟಾಪಿಗೆ ಅಲ್ಲ. ಆಮೇಲೆ ಬರುವುದು ನಮ್ಮವರಿಗೆ ಅತಿ ಕಷ್ಟದ ನಿಯಮ: ಚಿಲ್ಲರೆಗೆಂದು ನಿಂತ ಬಸ್ಸಿನಲ್ಲಿ ಮುಂದೆ ಹೋಗುವುದನ್ನು ಬಿಟ್ಟರೆ, ಬಸ್ಸು ಪೂರ್ತಿ ನಿಂತು ಬಾಗಿಲು ತೆರೆಯುವವರೆಗೆ ಏಳಬಾರದು. ಎರಡು ಸ್ಟಾಪು ಇರುವಾಗಲೇ ಎದ್ದು ಬಾಗಿಲಿಗೆ ಹೋಗಿ ನಿಲ್ಲದಿದ್ದರೆ ನಮ್ಮಲ್ಲಿ ಬಸ್ಸು ನಮ್ಮನ್ನು ಹೊತ್ತುಕೊಂಡೇ ಹೋಗುತ್ತದೆ, ಆ ಅಂಜಿಕೆ ನಮಗೆ ಹುಟ್ಟಿನಿಂದ ಬಂದದ್ದು. ಇಲ್ಲಿ ಓಡುವ ಬಸ್ಸಿನೊಳಗೆ ಯಾರಾದರೂ ಬಿದ್ದರೆ ಅದು ರಸ್ತೆ ಅಪಘಾತವೆಂದೇ ಲೆಕ್ಕ. ಬಸ್ಸು ನಿಲ್ಲಿಸಿ ಪೊಲೀಸರನ್ನು ಕರೆಯಬೇಕು, ಡ್ರೈವರ್ ತಲೆಗೆ ಬರುತ್ತದೆ. ಅದಕ್ಕೇ ಅವರು ಕನ್ನಡಿಯಲ್ಲಿ ನೋಡಿ, ನಿಂತಿರುವವರು ಹಿಡಿಕೆ ಹಿಡಿದ ಮೇಲೆಯೇ ಹೊರಡುವುದು. ನೀವು ಎದ್ದು ನಿಂತರೆ ಬೇಗ ಇಳಿಯುವುದಿಲ್ಲ, ಅವರ ಗಮನವನ್ನು ರಸ್ತೆಯಿಂದ ಕನ್ನಡಿಗೆ ಎಳೆಯುತ್ತೀರಿ.

ಕಿಕ್ಕಿರಿದ ಬಸ್ಸಿನಲ್ಲಿ ಹಿಂದೆ ಸಿಕ್ಕಿಬಿದ್ದು ಸ್ಟಾಪು ಬಂದುಬಿಟ್ಟರೆ ಗಾಬರಿ ಬೇಡ. "ಸುಮಿಮಾಸೆನ್, ಒರಿಮಾಸು" ಎನ್ನಿ. ಕ್ಷಮಿಸಿ, ಇಳಿಯುತ್ತೇನೆ ಎಂದು. ಮುಂದಿನವರು ಬೇಕಾದರೆ ತಾವೂ ಕೆಳಗಿಳಿದು ದಾರಿ ಕೊಟ್ಟು ಮತ್ತೆ ಹತ್ತುತ್ತಾರೆ. ನಿಮಗೂ ಆ ಸರದಿ ಬರುತ್ತದೆ, ಬಾಗಿಲ ಹತ್ತಿರ ಇದ್ದರೆ ಹಾಗೆಯೇ ಮಾಡಿ.

ಮಾತು ಮತ್ತು ಫೋನು. ಫೋನನ್ನು ಸದ್ದಿಲ್ಲದಂತೆ ಇಡಬೇಕು, ಇಲ್ಲಿ ಅದಕ್ಕೆ 'ಮ್ಯಾನರ್ ಮೋಡ್' ಎಂದೇ ಹೆಸರು. ಕರೆ ಬಂದರೆ ಎತ್ತಬಾರದು. ಎತ್ತಿದರೂ ಬಾಯಿಗೆ ಕೈ ಮರೆಮಾಡಿ 'ಬಸ್ಸಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ' ಎಂದು ಇಡಬೇಕು. ಊರಿನ ಅಮ್ಮನಿಗೆ ವಿಡಿಯೊ ಕರೆಯಲ್ಲಿ ಕ್ಯೋಟೊ ತೋರಿಸುವುದಿದ್ದರೆ ಇಳಿದ ಮೇಲೆ ತೋರಿಸಿ. ಬಸ್ಸಿನಲ್ಲಿ ಕೂತವರ ಮುಖ ಅವರನ್ನು ಕೇಳದೆ ಕ್ಯಾಮೆರಾಕ್ಕೆ ಬರುವುದು ಇಲ್ಲಿನವರಿಗೆ ಸದ್ದಿಗಿಂತ ಹೆಚ್ಚು ಇರುಸುಮುರುಸು. ಮಾತೇ ಆಡಬಾರದು ಎಂದೇನಿಲ್ಲ. ಪಕ್ಕದವರಿಗಷ್ಟೇ ಕೇಳುವಂತೆ ಆಡಿ. ಕುಟುಂಬ ಬೇರೆ ಬೇರೆ ಸೀಟುಗಳಲ್ಲಿ ಚದುರಿ ಕೂತಾಗ ಮುಂದಿನಿಂದ ಹಿಂದಕ್ಕೆ "ರೀ, ಪಾಸ್‌ಪೋರ್ಟ್ ನಿಮ್ಮ ಹತ್ರ ಇದೆಯಾ" ಎಂಬ ಕೂಗು ಹೊರಡುತ್ತದೆ. ಹತ್ತುವ ಮೊದಲು ಇಂಥ ಪ್ರಶ್ನೆಗಳನ್ನೆಲ್ಲ ಮುಗಿಸಿಕೊಳ್ಳಿ.

ಹಿರಿಯರು, ಗರ್ಭಿಣಿಯರು, ಅಂಗವಿಕಲರಿಗೆ ಮೀಸಲಾದ ಸೀಟುಗಳ ಬಣ್ಣವೋ ಕವಚವೋ ಬೇರೆ ಇರುತ್ತದೆ, ಚಿತ್ರವೂ ಇರುತ್ತದೆ. ಖಾಲಿ ಇದ್ದರೆ ಕೂರುವುದು ತಪ್ಪಲ್ಲ, ಆದರೆ ಪ್ರತಿ ಸ್ಟಾಪಿನಲ್ಲೂ ತಲೆಯೆತ್ತಿ ನೋಡುವ ಜವಾಬ್ದಾರಿ ಅದರ ಜೊತೆಗೆ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. "ಅಜ್ಜಿ, ಬನ್ನಿ ಕೂತ್ಕೊಳ್ಳಿ" ಎಂದು ಕೈಹಿಡಿದು ಕೂರಿಸುವುದು ನಮ್ಮ ರೀತಿ. ಇಲ್ಲಿ ಅನೇಕ ಹಿರಿಯರು ಬೇಡ ಬೇಡ ಎಂದು ಕೈಯಾಡಿಸುತ್ತಾರೆ, ಮುದುಕರೆಂದು ಗುರುತಿಸಿದ್ದಕ್ಕೆ ಮುಜುಗರ ಪಡುವವರೂ ಉಂಟು. ಏನೂ ಹೇಳದೆ ಎದ್ದು, ಇಳಿಯುವವರಂತೆ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತರೆ ಅವರು ತಾವಾಗಿ ಕೂರುತ್ತಾರೆ. ಕರ್ಚೀಫು, ಜಾಕೆಟ್ಟು ಹಾಕಿ ಹಿಂದೆ ಬರುವವರಿಗೆ ಸೀಟು ಕಾಯ್ದಿರಿಸುವ ಕಲೆ ಇಲ್ಲಿ ನಡೆಯುವುದಿಲ್ಲ.

ಗಾಲಿಕುರ್ಚಿಯವರು ಹತ್ತುವುದನ್ನು ಒಮ್ಮೆ ನೋಡಿದರೆ ಈ ಬಸ್ಸಿನ ರೀತಿ ಪೂರ್ತಿ ತಿಳಿಯುತ್ತದೆ. ಡ್ರೈವರ್ ಬ್ರೇಕ್ ಹಾಕಿ, ಮೈಕಿನಲ್ಲಿ ತಿಳಿಸಿ, ಕೆಳಗಿಳಿದು ಬರುತ್ತಾರೆ. ಬಾಗಿಲಿಗೆ ಹಲಗೆ ಹಾಸುತ್ತಾರೆ, ನಡುವಿನ ಸೀಟುಗಳನ್ನು ಮಡಚುತ್ತಾರೆ, ಕುರ್ಚಿಯನ್ನು ತಳ್ಳಿ ತಂದು ಬೆಲ್ಟು ಕಟ್ಟಿ ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ, ಎಲ್ಲಿ ಇಳಿಯುತ್ತೀರಿ ಎಂದು ಕೇಳಿಕೊಳ್ಳುತ್ತಾರೆ, ಹಲಗೆ ತೆಗೆದಿಟ್ಟು ವಾಪಸು ಹೋಗುತ್ತಾರೆ. ಕೆಲವು ನಿಮಿಷ ಹಿಡಿಯುತ್ತದೆ. ಯಾರೂ ಗಡಿಯಾರ ನೋಡುವುದಿಲ್ಲ, ಲೊಚಗುಟ್ಟುವುದಿಲ್ಲ. ಚಿಲ್ಲರೆಯ ಅರ್ಧ ನಿಮಿಷಕ್ಕೆ ಹುಬ್ಬು ಗಂಟಿಕ್ಕುವ ಜನವೇ ಈ ನಿಮಿಷಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಮಡಚುವ ಸೀಟಿನಲ್ಲಿ ನೀವಿದ್ದರೆ ಡ್ರೈವರ್ ಬಂದು ಹೇಳುವ ಮೊದಲೇ ಎದ್ದುಬಿಡಿ.

ತಿಂಡಿ ಬೇಡ. ಹಠಾತ್ ಬ್ರೇಕಿಗೆ ಬಿಸಿ ಚಹಾ ಪಕ್ಕದವರ ಮಡಿಲಿಗೆ ಹೋಗುತ್ತದೆ, ಉಪ್ಪಿನಕಾಯಿ ಡಬ್ಬಿ ತೆರೆದರೆ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಅದರ ಪರಿಮಳ ಕೊನೆಯ ಸ್ಟಾಪಿನವರೆಗೂ ಇರುತ್ತದೆ. ಮುಚ್ಚಳವಿರುವ ಬಾಟಲಿಯ ನೀರಿಗೆ ಯಾರ ಆಕ್ಷೇಪವೂ ಇಲ್ಲ. ಮಗು ಸೀಟಿನ ಮೇಲೆ ಮಂಡಿಯೂರಿ ಕಿಟಕಿಯಾಚೆ ನೋಡುವುದಾದರೆ ಮೊದಲು ಶೂ ಬಿಚ್ಚಿ. ಮಳೆಯಲ್ಲಿ ಕೊಡೆಯನ್ನು ಹೊರಗೇ ಕೊಡವಿ, ಸುತ್ತಿ, ಪಟ್ಟಿ ಕಟ್ಟಿ ಒಳಗೆ ಬನ್ನಿ.

ಕ್ಯೋಟೊದವರ ನಿಜವಾದ ಸಂಕಟ ಬೇರೆಯದೇ. ಕಿಯೋಮಿಜು ದೇವಾಲಯದ ದಾರಿಯ 206, ಚಿನ್ನದ ಮಂಟಪದ ದಾರಿಯ 205ರಂಥ ಬಸ್ಸುಗಳು ಪ್ರವಾಸಿಗರಿಂದಲೇ ತುಂಬಿ, ಆಸ್ಪತ್ರೆಗೆ ಹೋಗಬೇಕಾದ ಅಜ್ಜ ಸ್ಟಾಪಿನಲ್ಲೇ ಉಳಿಯುತ್ತಾರೆ. ನಗರಾಡಳಿತ 700 ಯೆನ್‌ನ ಬಸ್ ಮಾತ್ರದ ದಿನದ ಪಾಸನ್ನು ಮಾರುವುದನ್ನು 2023ರಲ್ಲಿ ನಿಲ್ಲಿಸಿದ್ದು, ಸುರಂಗ ರೈಲು ಮತ್ತು ಬಸ್ಸು ಎರಡಕ್ಕೂ ನಡೆಯುವ 1100 ಯೆನ್ ಪಾಸನ್ನು ಮುಂದೆ ಮಾಡಿದ್ದು, 2024ರ ಜೂನ್‌ನಿಂದ ರಜಾದಿನಗಳಲ್ಲಿ 500 ಯೆನ್ ದರದ ಪ್ರವಾಸಿ ಎಕ್ಸ್‌ಪ್ರೆಸ್ ಬಸ್ಸುಗಳನ್ನು ಬಿಟ್ಟಿದ್ದು ಇದಕ್ಕೇ. ಊರಿನವರಿಗೊಂದು ದರ, ಹೊರಗಿನವರಿಗೊಂದು ದರ ಎಂಬ ಮಾತೂ ನಡೆದಿದೆ. ಹಾಗಾಗಿ ಇಲ್ಲಿ ಅತಿ ದೊಡ್ಡ ಬಸ್ ಶಿಷ್ಟಾಚಾರ ಎಂದರೆ ಆದಷ್ಟು ಬಸ್ ಹತ್ತದಿರುವುದು! ಫುಶಿಮಿ ಇನಾರಿ ದೇಗುಲಕ್ಕೆ ಕ್ಯೋಟೊ ನಿಲ್ದಾಣದಿಂದ ನಾರಾ ಮಾರ್ಗದ ರೈಲಿನಲ್ಲಿ ಎರಡೇ ನಿಲ್ದಾಣ, ಐದು ನಿಮಿಷ. ಬಿದಿರು ತೋಪಿನ ಅರಾಶಿಯಾಮಕ್ಕೂ ರೈಲಿದೆ. ಚಿನ್ನದ ಮಂಟಪಕ್ಕೆ ಸುರಂಗ ರೈಲಿನಲ್ಲಿ ಕಿತಾವೊಜಿ ತನಕ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಬಸ್ಸಿನ ಪಾಲು ಕಾಲು ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ ಶಾಲೆ-ಕಚೇರಿಯ ಹೊತ್ತು ತಪ್ಪಿಸಿದರೆ ನಿಮಗೂ ಸೀಟು ಸಿಗುತ್ತದೆ.

ಈ ಪತ್ರದ ಅಂಕಿಅಂಶಗಳು ಜಪಾನಿನವು, ಬೇರೆ ದೇಶಕ್ಕೆ ಇವನ್ನು ಹೊತ್ತೊಯ್ಯಬೇಡಿ. ಲಂಡನ್ನಿನ ಬಸ್ಸಿನಲ್ಲಿ 2014ರ ಜುಲೈನಿಂದ ನಗದೇ ನಡೆಯದು, ಕಾರ್ಡನ್ನು ಹತ್ತುವಾಗ ಒಮ್ಮೆ ತಾಕಿಸಿದರೆ ಮುಗಿಯಿತು. ಸಿಂಗಪುರದಲ್ಲಿ ಇಳಿಯುವಾಗ ತಾಕಿಸಲು ಮರೆತರೆ ಆ ಮಾರ್ಗದ ಕೊನೆಯವರೆಗಿನ ದರ ಕಡಿತವಾಗುತ್ತದೆ. ಕಂಡಕ್ಟರ್ ಕೆಲಸವನ್ನು ಒಂದೊಂದು ಊರು ಒಂದೊಂದು ರೀತಿ ಹಂಚಿಕೊಂಡಿದೆ. ಹೋಗುವ ಮೊದಲು ಕೇಳಿ ತಿಳಿಯಬೇಕಾದ್ದು ಮೂರೇ: ಯಾವ ಬಾಗಿಲು, ಹಣ ಯಾವಾಗ, ಉಳಿಕೆ ಕೊಡುತ್ತಾರೋ ಇಲ್ಲವೋ.

ಕರ್ನಾಟಕದಿಂದ ಗುಂಪು ಪ್ರವಾಸ ಏರ್ಪಡಿಸುವವರಲ್ಲಿ ನಮ್ಮದೊಂದು ವಿನಂತಿ. ಟೋಪಿ, ಹೆಸರಿನ ಬಿಲ್ಲೆ, ಪುಳಿಯೋಗರೆ ಪೊಟ್ಟಣ ಕೊಡುತ್ತೀರಿ. ಜೊತೆಗೆ ತಲೆಗೆ ನೂರರ ನಾಲ್ಕು, ಹತ್ತರ ಆರು ನಾಣ್ಯದ ಒಂದು ಪುಟ್ಟ ಪೊಟ್ಟಣವನ್ನೂ ಕೊಡಿ. ಹೋಗಿಬರುವ ಎರಡು ಬಸ್ಸಿಗೆ ಸರಿಯಾಗಿ 460 ಯೆನ್. ಕಾರ್ಡ್ ಕೊಡಿಸುವುದಾದರೆ ಇದನ್ನೂ ತಿಳಿಸಿ: ಒಸಾಕಾ-ಕ್ಯೋಟೊ ಕಡೆ ಕೊಂಡ ಇಕೋಕಾವನ್ನು ಟೋಕಿಯೋದಲ್ಲಿ ವಾಪಸು ತೆಗೆದುಕೊಳ್ಳುವುದಿಲ್ಲ, ಅಲ್ಲಿನ ಸುಯಿಕಾವನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ. ಹೊರಡುವ ಗಡಿಬಿಡಿಯಲ್ಲಿ ವಾಪಸು ಮಾಡಲಾಗದಿದ್ದರೆ ಎಸೆಯಬೇಡಿ. ಕೊನೆಯ ಸಲ ಬಳಸಿದ ದಿನದಿಂದ ಹತ್ತು ವರ್ಷ ಅದಕ್ಕೆ ಆಯುಸ್ಸು. ಹೆಸರು ನೋಂದಾಯಿಸದ ಕಾರ್ಡಾದರೆ ಮುಂದಿನ ರಜೆಗೆ ಹೊರಟ ಭಾವನಿಗೋ ಚಿಕ್ಕಮ್ಮನಿಗೋ ದಾಟಿಸಬಹುದು. ಮಕ್ಕಳ ಕಾರ್ಡಿನಲ್ಲಿ ಮಾತ್ರ ಮಗುವಿನ ಹೆಸರಿರುತ್ತದೆ, ಅದು ಬೇರೆಯವರಿಗೆ ನಡೆಯುವುದಿಲ್ಲ.

ಇಂತಿ ನಿಮ್ಮ ಓದುಗರು,
ಕ್ಯೋಟೊದಲ್ಲಿರುವ ಕೆಲವು ಕನ್ನಡಿಗರು